ಹಿರಿಯೂರಿನ ಬಿಸಿಲಲ್ಲಿ ಬೇರೆನ್‌ಬರ್ಗ್

ಬೆಳಗ್ಗೆ ಎದ್ದ ಕೂಡಲೇ ನಮ್ಮ ಕಡೆ ಜನ ಏನೇನೋ ನೋಡುತ್ತಾರೆ. ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಈರುಳ್ಳಿ ಹಾಕಿದವರು ಮೋಡ ನೋಡುತ್ತಾರೆ. ಉತ್ತರ ಧ್ರುವದ ಹತ್ತಿರ ಇವತ್ತು ಮಂಜು ಸರಿದಿದೆಯೋ ಇಲ್ಲವೋ ಎಂದು ನೋಡಿದ ಮೇಲೆಯೇ ಹಲ್ಲುಜ್ಜುವ ಮನುಷ್ಯ ಮಾತ್ರ ಇಡೀ ಚಿತ್ರದುರ್ಗ ಜಿಲ್ಲೆಗೆ ಒಬ್ಬನೇ. ಅವನು ನನ್ನ ಸೋದರಮಾವ. (ವಯಸ್ಸಾದವನು, ‘ಅವರು’ ಎಂದೇ ಬರೆಯಬೇಕಿತ್ತು. ಆದರೆ ಮಾವನಿಗೆ ಬಹುವಚನ ಹಚ್ಚಿದರೆ ಬೇರೆ ಯಾರದೋ ಮಾವನ ಹಾಗೆ ಕೇಳಿಸುತ್ತದೆ.)

ಮಾವನದು ಹಿರಿಯೂರಿನಲ್ಲಿ ಐಸ್ ಫ್ಯಾಕ್ಟರಿ. ಫ್ಯಾಕ್ಟರಿ ಎಂದ ಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಹಳೇ ಹೆದ್ದಾರಿಯ ಪಕ್ಕ ಮನೆಗೆ ಅಂಟಿಕೊಂಡ ಒಂದು ತಗಡಿನ ಶೆಡ್ಡು, ಅದರೊಳಗೆ ಗುಡುಗುಡು ಎನ್ನುವ ಒಂದು ಕಂಪ್ರೆಸರು, ಒಂದು ಉಪ್ಪುನೀರಿನ ತೊಟ್ಟಿ, ತೊಟ್ಟಿಯೊಳಗೆ ಇಳಿಬಿಟ್ಟ ಉದ್ದನೆಯ ಡಬ್ಬಿಗಳು. ಡಬ್ಬಿಗೆ ಸಿಹಿನೀರು ತುಂಬಿಟ್ಟರೆ ಮಾರನೇ ದಿನಕ್ಕೆ ಐಸ್ ಗಡ್ಡೆ. ವಾಣಿವಿಲಾಸ ಸಾಗರದ ಮೀನಿನವರು, ಕಬ್ಬಿನ ಹಾಲಿನ ಗಾಡಿಯವರು, ಮದುವೆ ಮನೆ ಅಡುಗೆಯವರು ಅವನ ಗಿರಾಕಿಗಳು.

ಈ ವ್ಯಾಪಾರಕ್ಕೆ ಒಗ್ಗುವ ಸ್ವಭಾವವೇ ಅವನದಲ್ಲ. ಗಿರಾಕಿ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಗಾಡಿಗೆ ಹಾಕುವಾಗ ಮಾವ ಹಿಂದಿನಿಂದ ಹೇಳುವನು: “ಕರಗ್ತೈತೆ ನೋಡ್ರಿ. ನೀವು ಎಷ್ಟು ಜೋರಾಗಿ ಹೋದ್ರೂ ಅದು ಕರಗ್ತೈತೆ.”

ಅತ್ತೆಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. “ಕರಗಲ್ಲ ಅಂತ ಸುಳ್ಳು ಹೇಳ್ರಿ ಅಂತ ನಾನು ಹೇಳ್ತಿಲ್ಲ. ಸುಮ್ನಾದ್ರೂ ಇರ್ರಿ. ಬಟ್ಟೆ ಅಂಗಡಿಯೋನು ‘ಇದು ಹರಿತೈತೆ’ ಅಂತ ಹೇಳಿ ಸೀರೆ ಮಾರ್ತಾನೇನು?”

“ಹರಿಯೋಕೆ ವರ್ಷ ಬೇಕು. ಇದು ಚಳ್ಳಕೆರೆ ಗೇಟು ದಾಟಾ ಹೊತ್ಗೆ ನೀರು,” ಎನ್ನುವನು ಮಾವ.

ಒಂದು ದಿನ ನನ್ನ ಹತ್ತಿರ ಮನಸ್ಸು ಬಿಚ್ಚಿ ಹೇಳಿಕೊಂಡ. “ನೋಡವ್ವಾ, ಬಡಗಿ ಸತ್ರೆ ಬಾಗ್ಲು ಉಳಿತಾವೆ. ಕಲ್ಲುಕುಟಿಗ ಸತ್ರೆ ಗುಡಿ ಉಳಿತೈತೆ. ದುರ್ಗದ ಪಾಳೇಗಾರ್ರು ಹೋದ್ರು, ಕೋಟೆ ಐತೆ. ನಾನು ಇಷ್ಟು ವರ್ಷ ಹಗಲೂ ರಾತ್ರಿ ಮಾಡಿದ್ದೆಲ್ಲ ಎಲ್ಲೈತೆ ಹೇಳು?” ಶೆಡ್ಡಿನ ಮುಂದಿನ ಮೋರಿ ಕಡೆ ಅವನೇ ಬೆರಳು ತೋರಿಸಿದ.

ಇಂಥವನ ಬಾಳಿನಲ್ಲಿ ಬೆಟ್ಟ ಬಂದದ್ದು ಕ್ಯಾಲೆಂಡರಿನಿಂದ. ದಾವಣಗೆರೆಯಲ್ಲಿ ಕಂಪ್ರೆಸರ್ ಸಾಮಾನು ಮಾರುವ ಅಂಗಡಿಯವರು ಪ್ರತಿ ವರ್ಷ ಲಕ್ಷ್ಮಿಯ ಕ್ಯಾಲೆಂಡರು ಕಳಿಸುತ್ತಿದ್ದರು. ಆ ವರ್ಷ ಲಕ್ಷ್ಮಿ ಖಾಲಿಯಾಗಿದ್ದಳೋ ಏನೋ, ಒಂದು ಪರದೇಶದ ಚಿತ್ರ ಬಂತು. ಕಪ್ಪು ಕಡಲು, ಅದರ ನಡುವಿನಿಂದ ನೆಟ್ಟಗೆ ಆಕಾಶಕ್ಕೆ ಎದ್ದ ಬೆಳ್ಳಗಿನ ಬೆಟ್ಟ. ಮಾವನಿಗೆ ಮೊದಲು ಸಿಟ್ಟೇ ಬಂತು. ಭಾನುವಾರ ನಾನು ಹೋದಾಗ, “ನೀನು ಇಸ್ಕೂಲಲ್ಲಿ ಸೈನ್ಸ್ ಹೇಳೋಳು, ಇದೇನಂತ ಓದು,” ಎಂದ. ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಬೇರೆನ್‌ಬರ್ಗ್ ಪರ್ವತ, ಯಾನ್ ಮಾಯೆನ್ ದ್ವೀಪ.

ನನಗೆ ತಿಳಿದಷ್ಟು ಹೇಳಿದೆ. ನಾರ್ವೆಗೂ ಗ್ರೀನ್‌ಲ್ಯಾಂಡಿಗೂ ನಡುವೆ ಸಮುದ್ರದಲ್ಲಿ ಒಂಟಿಯಾಗಿರುವ ದ್ವೀಪ. ಹವಾಮಾನ ಕೇಂದ್ರದ ನಾಲ್ಕಾರು ಜನ ಬಿಟ್ಟರೆ ಅಲ್ಲಿ ಯಾರೂ ಇಲ್ಲ. ಬೆಟ್ಟ ಅಸಲಿಗೆ ಜ್ವಾಲಾಮುಖಿ; ನೆತ್ತಿಯಿಂದ ಕಡಲಿನವರೆಗೂ ಹಿಮದ ನದಿಗಳು ಇಳಿಬಿದ್ದಿವೆ.

ಮಾವ ನಿಧಾನವಾಗಿ ಗಡ್ಡೆ ಕಡಿಯುವ ಮರದ ದಿಮ್ಮಿಯ ಮೇಲೆ ಕುಂತ. “ಕರೆಂಟು?”

“ಯಾವ ಕರೆಂಟೂ ಇಲ್ಲ ಮಾವ.”

“ಗ್ಯಾಸು, ಕಂಪ್ರೆಸರು?”

“ಏನೂ ಇಲ್ಲ.”

“ಒಳಗೆ ಬೆಂಕಿ ಇಟ್ಕಂಡು ಮೇಲೆ ಐಸ್ ಮಾಡ್ಕಂಡು ಕುಂತೈತೆ. ಕರಗೂ ಇಲ್ಲ. ದ್ವೀಪದ ಹೆಸರಲ್ಲೇ ಮಾಯೆ ಐತೆ ನೋಡು.”

ಬಾಗಿಲಲ್ಲಿ ನಿಂತಿದ್ದ ಅತ್ತೆ, “ನಮ್ಮನೇಲೂ ಒಳಗೆ ಬೆಂಕಿನೇ ಐತೆ. ಮೇಲೆ ಐಸ್ ಕೂರೋದೊಂದು ಬಾಕಿ,” ಎಂದು ಒಳಗೆ ಹೋದಳು.

ಅಲ್ಲಿಂದ ಮಾವನ ಬಾಯಲ್ಲಿ ಬೇರೆ ಮಾತಿಲ್ಲ. ಮೀನಿನ ಕಂಟ್ರಾಕ್ಟರು ಬಂದರೆ ಬೇರೆನ್‌ಬರ್ಗ್, ಸೋಡಾದವನು ಬಂದರೆ ಬೇರೆನ್‌ಬರ್ಗ್. ಒಂದು ದಿನ ಕಂಟ್ರಾಕ್ಟರು ತಾಳಲಾರದೆ, “ಯಜಮಾನ್ರೆ, ನಿಮ್ಗೆ ಮಾತಾಡಾಕೆ ಬೇರೇನ್ ಬರಲ್ವಾ?” ಎಂದು ಕೇಳಿದ. ಕೇಳಿದವನಿಗೆ ತಾನು ಏನು ಮಾಡಿದೆ ಎಂದು ಗೊತ್ತಾಗಲಿಲ್ಲ. ವಾರದೊಳಗೆ ಹಿರಿಯೂರಿನ ಅರ್ಧ ಊರು ಮಾವನನ್ನು ‘ಬೇರೇನ್‌ಬರಪ್ಪ’ ಎಂದು ಕರೆಯತೊಡಗಿತು.

ಬೆಟ್ಟದ ಬುಡದಲ್ಲಿ ಹವಾಮಾನದವರು ಇಟ್ಟ ಕ್ಯಾಮೆರಾದ ಚಿತ್ರ ಫೋನಿನಲ್ಲೇ ನೋಡಬಹುದೆಂದು ತೋರಿಸಿಕೊಟ್ಟವಳು ನಾನೇ. ಆ ಬೆಟ್ಟಕ್ಕೋ, ಮುಖ ತೋರಿಸುವ ಅಭ್ಯಾಸವೇ ಇಲ್ಲ. ಸದಾ ಮಂಜು. ಮಾವ ಬೆವರು ಒರೆಸಿಕೊಳ್ಳುತ್ತಾ ತಗಡಿನ ಶೆಡ್ಡಿನಲ್ಲಿ ಕುಂತು ಬೂದುಬಣ್ಣದ ಪರದೆ ನೋಡುತ್ತಿದ್ದ. “ಏನ್ ಕಾಣ್ತೈತೆ?” ಎಂದು ಬಂದವರು ಬಗ್ಗಿ ಕೇಳಿದರೆ, “ಏನೂ ಇಲ್ಲ,” ಎಂದು ಮತ್ತೆ ನೋಡುತ್ತಿದ್ದ. ಚಳಿಗಾಲ ಬಂದಾಗ ಅದೂ ಹೋಯಿತು. ಅಲ್ಲಿ ತಿಂಗಳುಗಟ್ಟಲೆ ಹಗಲೇ ಆಗುವುದಿಲ್ಲವಲ್ಲ, ಪರದೆ ಪೂರ್ತಿ ಕಪ್ಪು.

“ಫೋನು ಕೆಟ್ಟೈತೇನ್ರಿ?” ಎಂದಳು ಅತ್ತೆ.

“ಇಲ್ಲ. ರಾತ್ರಿ ಆಗೈತೆ.”

“ಸೂರ್ಯ ನೆತ್ತಿ ಮ್ಯಾಲೆ ಅವ್ನೆ. ಏಳ್ರಿ, ಊಟ ಮಾಡ್ರಿ.”

ಬೇಸಿಗೆಯಲ್ಲಿ ಒಂದೇ ಒಂದು ಸಲ ಮಂಜು ಸರಿದು ಶಿಖರ ಪೂರ್ತಿ ಕಂಡಿತಂತೆ. ಆಗ ಅತ್ತೆ ಮನೆಯಲ್ಲಿರಲಿಲ್ಲ, ಗಿರಾಕಿಗಳೂ ಇರಲಿಲ್ಲ. ಇಂಥ ಭಾಗ್ಯವನ್ನು ಒಬ್ಬನೇ ನೋಡಿ ಸುಮ್ಮನಿರುವುದು ಹೇಗೆ? ಮಾವ ಫೋನು ಹಿಡಿದು ರಸ್ತೆಗೆ ಓಡಿ ಒಂದು ಲಾರಿಗೆ ಕೈ ಅಡ್ಡ ಹಾಕಿದ. ಡ್ರೈವರು ಗಾಬರಿಯಿಂದ ಇಳಿದು ಬಂದು ಫೋನು ನೋಡಿದ. “ಚೆನ್ನಾಗೈತೆ. ಎಷ್ಟು ದೂರ ಐತೆ ಯಜಮಾನ್ರೆ? ಯಾವ ರೋಡು?” ರೋಡು ಇಲ್ಲ ಎಂದ ಮಾವ. ಡ್ರೈವರು ಅವನ ಮುಖವನ್ನು ಬಹಳ ಹೊತ್ತು ನೋಡಿ, “ರೋಡೇ ಇಲ್ದಿದ್ ಮ್ಯಾಲೆ ಲಾರಿ ಯಾಕಪ್ಪ ನಿಲ್ಲಿಸ್ದೆ?” ಎಂದು ಕೇಳಿ ಹೊರಟುಹೋದ. ಇವನು ಒಳಗೆ ಬರುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತ್ತು.

ಇನ್ನು ನನ್ನ ತಂಗಿಯ ಮದುವೆ. ಛತ್ರ ಹೊಳಲ್ಕೆರೆಯಲ್ಲಿ. ಸೋದರಮಾವನ ಉಡುಗೊರೆ ಎಂದರೆ ಸೀರೆಯೋ ಉಂಗುರವೋ ಇರಬೇಕು. ನಮ್ಮ ಮಾವ ಐಸ್ ಗಡ್ಡೆಗಳನ್ನು ಒಂದಕ್ಕೊಂದು ಬೆಸೆದು, ಉಳಿಯಲ್ಲಿ ಕೆತ್ತಿ, ಎದೆಯೆತ್ತರದ ಬೇರೆನ್‌ಬರ್ಗ್ ಮಾಡಿದ. ಸುಳ್ಳು ಹೇಳಬಾರದು, ಶೆಡ್ಡಿನಲ್ಲಿ ನಾನು ನೋಡಿದಾಗ ಅದು ನಿಜಕ್ಕೂ ಚಂದವಿತ್ತು. ಕ್ಯಾಲೆಂಡರಿನ ಚಿತ್ರ ನೋಡಿಕೊಂಡು ಒಂದೊಂದು ಹಿಮನದಿಯನ್ನೂ ಗೀರಿದ್ದ. ಸುತ್ತ ಮರದ ಹೊಟ್ಟು ತುಂಬಿ, ಗೋಣಿ ಸುತ್ತಿ, ಟಾರ್ಪಾಲು ಬಿಗಿದು ಲಗೇಜ್ ಆಟೋದಲ್ಲಿ ಹೊರಟ. ಚಿತ್ರದುರ್ಗ ದಾಟುವಾಗ ಯಾವುದೋ ಮೆರವಣಿಗೆ ಅಡ್ಡ ಬಂತು. ಆಟೋ ಬಿಸಿಲಲ್ಲಿ ನಿಂತಿತು. ಮೆರವಣಿಗೆ ನಡೆಸುತ್ತಿದ್ದವರ ಕಾಲು ಹಿಡಿಯುವುದೊಂದು ಬಾಕಿ, “ಬಿಡ್ರಪ್ಪ, ಒಳಗೆ ಬೆಟ್ಟ ಐತೆ,” ಎಂದು ಬೇಡಿದನಂತೆ. ಅವರು ಕುಡಿದಿದ್ದಾನೆ ಎಂದುಕೊಂಡು ಅವನನ್ನೇ ನೆರಳಿಗೆ ಕೂರಿಸಿದರಂತೆ.

ಛತ್ರದಲ್ಲಿ ಟಾರ್ಪಾಲು ಬಿಚ್ಚಿದಾಗ ಒಳಗಿದ್ದದ್ದು ಮೊಳದುದ್ದದ, ನುಣ್ಣಗಿನ, ದುಂಡನೆಯ ಒಂದು ಗಡ್ಡೆ. ಮೊದಲು ನೋಡಿದವಳು ಭರಮಸಾಗರದ ನಮ್ಮ ದೊಡ್ಡಜ್ಜಿ. ನೋಡಿದವಳೇ ಎರಡೂ ಕೈ ಮುಗಿದಳು. “ಶಿವನೇ, ಹಿಮಲಿಂಗ ತಂದೀಯಲ್ಲೋ ಮಗನೇ.” ಮುಂದಿನದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ವಿಭೂತಿ ಬಂತು, ಬಿಲ್ವಪತ್ರೆ ಬಂತು, ಗಂಡಿನ ಕಡೆಯವರು ಸಾಲಾಗಿ ಬಂದು ಅಡ್ಡಬಿದ್ದರು.

“ಅಜ್ಜಿ, ಅದು ಲಿಂಗ ಅಲ್ಲ. ಬೇರೆನ್‌ಬರ್ಗು,” ಎಂದ ಮಾವ.

ಕಿವಿ ಮಂದವಾದ ಅಜ್ಜಿ, “ಬೇರೇನ್ ಬರ್ತೈತಪ್ಪ? ಶಿವ ಬರ್ಬೇಕು, ಬಂದವ್ನೆ,” ಎಂದಳು.

ಮಾಂಗಲ್ಯಧಾರಣೆ ಆಗುವಷ್ಟರಲ್ಲಿ ಅದೂ ಕರಗಿತು. ನೀರನ್ನು ಎಲ್ಲರಿಗೂ ತೀರ್ಥವೆಂದು ಹಂಚಿದರು. ಊಟದ ಸಾಲಿನಲ್ಲಿ ಮಾವ ಎಲ್ಲೂ ಕಾಣಲಿಲ್ಲ. ಛತ್ರದ ಹಿಂದೆ ಪಾತ್ರೆ ತೊಳೆಯುವ ಕಡೆ ಖಾಲಿ ಗೋಣಿ ಹಿಡಿದು ಕುಂತಿದ್ದ. ಊಟಕ್ಕೆ ಕರೆದೆ. “ನೀವೆಲ್ಲ ಸೇರ್ಕಂಡು ನನ್ನ ಬೆಟ್ಟಾನ ಕುಡಿದುಬಿಟ್ರಿ,” ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಇಷ್ಟಾದರೂ ಅವನಿಗೆ ಒಂದು ಸಮಾಧಾನ ಇತ್ತು. ಹಿರಿಯೂರಿನ ಬೆಟ್ಟ ಕರಗಿದರೇನು, ಅಸಲಿ ಬೆಟ್ಟ ಅಲ್ಲಿದೆಯಲ್ಲ. ಈ ವರ್ಷ ಬೇಸಿಗೆಯ ಶುರುವಿನಲ್ಲಿ ಅದಕ್ಕೂ ಕಲ್ಲು ಬಿತ್ತು. ಫೋನಿನಲ್ಲಿ ಹುಡುಕುತ್ತಾ ಹುಡುಕುತ್ತಾ ಅವನಿಗೆ ಅಕ್ಕಪಕ್ಕ ಇಟ್ಟ ಎರಡು ಚಿತ್ರಗಳು ಸಿಕ್ಕಿದವು. ಒಂದು ಬಹಳ ಹಳೆಯದು, ಒಂದು ಈಚಿನದು. ಹಳೆಯದರಲ್ಲಿ ಹಿಮದ ನಾಲಿಗೆ ಕೆಳಗಿನ ಬಯಲಿನವರೆಗೂ ಚಾಚಿತ್ತು. ಹೊಸದರಲ್ಲಿ ಅದು ಮೇಲಕ್ಕೆ ಸರಿದು, ಕೆಳಗೆ ಬರೀ ಕರಿಕಲ್ಲು. ನಾನು ಶಾಲೆಯಲ್ಲಿದ್ದಾಗ ಫೋನು ಮಾಡಿದ.

“ಇವೆರಡೂ ಒಂದೇ ಬೆಟ್ಟನೇನವ್ವಾ?”

ಒಂದೇ ಎಂದೆ. ಭೂಮಿ ಬಿಸಿಯಾಗುತ್ತಿರುವುದನ್ನು ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ.

“ಹಂಗಾರೆ ಅದೂ ಕರಗ್ತೈತೆ.”

“ನಿಧಾನಕ್ಕೆ ಮಾವ. ನೀನು ನಾನು ಹೋದ ಮೇಲೂ ಇರುತ್ತೆ.”

“ನಿಧಾನಕ್ಕಾದ್ರೂ ಕರಗೋದು ಕರಗೋದೇ ಅಲ್ವೇನು?” ಎಂದ. “ಅದೊಂದಾದ್ರೂ ನಿಲ್ತೈತೆ ಅಂದ್ಕಂಡಿದ್ದೆ,” ಎಂದು ಫೋನು ಇಟ್ಟ.

ಮಾರನೇ ದಿನದಿಂದ ಮಾವ ಶೆಡ್ಡಿಗೆ ಹೋಗಲಿಲ್ಲ. ಪಡಸಾಲೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ. ಊಟ ಕೊಟ್ಟರೆ ಎರಡು ತುತ್ತು, ಮಾತಾಡಿಸಿದರೆ ಒಂದು ಹೂಂ. ಗಡ್ಡ ಬೆಳೆಯಿತು. ಮೊದಮೊದಲು ನಮಗೆಲ್ಲ ತಮಾಷೆಯಾಗಿತ್ತು. ಯಾವುದೋ ದೇಶದ ಬೆಟ್ಟಕ್ಕೆ ಹಿರಿಯೂರಿನಲ್ಲಿ ಸೂತಕ ಹಿಡಿದವನನ್ನು ಯಾರು ಕಂಡಿದ್ದಾರೆ? ಆದರೆ ದಿನ ಕಳೆದಂತೆ ಅತ್ತೆ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುವುದನ್ನು ನೋಡಿ ನನ್ನ ನಗು ನಿಂತಿತು.

ಚಿತ್ರದುರ್ಗದಲ್ಲಿ ನನಗೆ ಗೊತ್ತಿದ್ದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಎಲ್ಲ ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟರು. “ಮೈಯಲ್ಲಿ ಏನೂ ಇಲ್ಲ, ಮನಸ್ಸು ಸೋತಿದೆ. ಮಾತ್ರೆ ಬಿಡಬೇಡಿ. ಸ್ವಲ್ಪ ದಿನ ಎಲ್ಲಾದರೂ ತಂಪು ಜಾಗಕ್ಕೆ ಕರ್ಕೊಂಡು ಹೋಗಿ,” ಎಂದರು. ಡಾಕ್ಟರ ತಪ್ಪಲ್ಲ, ರೋಗದ ಮೂಲವೇ ತಂಪು ಎಂದು ಅವರಿಗೆ ಯಾರು ಹೇಳಿದ್ದರು? ಹತ್ತಿರದಲ್ಲಿ ತಂಪು ಎಂದರೆ ಜೋಗಿಮಟ್ಟಿ. ಅಲ್ಲಿ ಗಾಳಿ ಸುಯ್ಯೆಂದು ಬೀಸುತ್ತಿತ್ತು. ಮಾವ ಸುತ್ತಲಿನ ಗುಡ್ಡಗಳನ್ನು ನೋಡಿ, “ಇವೂ ಒಂದು ಕಾಲಕ್ಕೆ ದೊಡ್ಡವಿದ್ವೇನೋ,” ಎಂದು ಕಾರಿಗೆ ಹತ್ತಿ ಕುಂತುಬಿಟ್ಟ.

ಅತ್ತೆ ತನ್ನ ತವರು ಹೊಸದುರ್ಗದ ಕಡೆಯ ಒಬ್ಬ ಹಿರಿಯ ಸ್ವಾಮಿಗಳ ಹತ್ತಿರ ಕರೆದೊಯ್ದಳು. ಅವರು ಅವನ ತಲೆ ಮೇಲೆ ಕೈಯಿಟ್ಟು, “ಈ ಲೋಕದಲ್ಲಿ ನಿಲ್ಲೋದು ಯಾವುದಪ್ಪ? ದೇಹ ನಿಲ್ಲಲ್ಲ, ಸಂಸಾರ ನಿಲ್ಲಲ್ಲ, ಎಲ್ಲ ಕರಗೋದೇ,” ಎಂದು ಸಮಾಧಾನ ಹೇಳಿದರು. ಅಲ್ಲಿಯವರೆಗೆ ಮಾವನಿಗೆ ಇದ್ದದ್ದು ಬೆಟ್ಟದ ಚಿಂತೆ ಮಾತ್ರ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆಯನ್ನು, ಕಿಟಕಿಯನ್ನು, ತನ್ನ ಕೈಗಳನ್ನು ಸರದಿಯ ಮೇಲೆ ನೋಡಿಕೊಂಡು ಬಂದನಂತೆ. ಊಟದ ಎರಡು ತುತ್ತು ಒಂದಕ್ಕೆ ಇಳಿಯಿತು.

ಕೊನೆಗೆ ಅತ್ತೆ ಸೆರಗು ಬಿಗಿದು ಶೆಡ್ಡಿಗೆ ತಾನೇ ಹೋದಳು. ಡಬ್ಬಿಗೆ ನೀರು ತುಂಬಿಸಿದಳು, ಕಂಪ್ರೆಸರು ಓಡಿಸಿದಳು, ಗಡ್ಡೆ ಮಾರಿದಳು. ಕರಗುತ್ತೆ ಎಂದು ಯಾರಿಗೂ ಹೇಳಲಿಲ್ಲ. ಒಂದೇ ತಿಂಗಳಲ್ಲಿ ವ್ಯಾಪಾರ ಹೆಚ್ಚಾಯಿತು. ಈ ಸಂತೋಷದ ಸುದ್ದಿಯನ್ನು ಮಂಚದ ಹತ್ತಿರ ಹೇಳಿದರೆ, ಗೋಡೆ ಕಡೆಯಿಂದ, “ಅವರಿಗೆ ಇನ್ನೂ ಗೊತ್ತಿಲ್ಲ,” ಎಂಬ ಉತ್ತರ ಬಂತು.

ಹೀಗಿರುವಾಗ ಒಂದು ಭಾನುವಾರ ಬೆಳಗ್ಗೆ ನಾನು ಅಲ್ಲಿದ್ದೆ. ಯಲ್ಲದಕೆರೆಯಿಂದ ಒಬ್ಬ ನಡುವಯಸ್ಸಿನವನು ಬೈಕಿನಲ್ಲಿ ಬಂದ. ಕುರಿ ಸಾಕುವ ಮನೆಯವನು. ಕಣ್ಣು ಕೆಂಪಾಗಿದ್ದವು. ನಸುಕಿನಲ್ಲಿ ಅವನ ತಾಯಿ ತೀರಿಹೋಗಿದ್ದಳು. ತಂಗಿಯನ್ನು ಸಿಂಧನೂರಿಗೆ ಕೊಟ್ಟಿದೆ, ಅವಳು ಬಸ್ಸು ಹತ್ತಿದ್ದಾಳೆ, ಬರುವುದು ಸಂಜೆಯಾಗುತ್ತದೆ. ಹೆಣ ಇಡುವ ಫ್ರೀಜರ್ ಪೆಟ್ಟಿಗೆ ತರಿಸೋಣವೆಂದರೆ, ಊರಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿ ಕರೆಂಟೇ ಇಲ್ಲ. ಹೊರಗೆ ಬಿಸಿಲು ಆಗಲೇ ಏರುತ್ತಿತ್ತು.

“ಸಂಜೆ ಮಟ ನಿಲ್ಲಂಗೆ ಐಸ್ ಕೊಡ್ರಮ್ಮ,” ಎಂದು ಅತ್ತೆಗೆ ಕೈಮುಗಿದ. “ಹೊತ್ತು ಮೀರಿಸ್ಬ್ಯಾಡ್ರಿ, ಎತ್ತಾಣ ಅಂತಾರೆ ಊರೋರು. ಅವಳು ಅವ್ವನ ಮಕ ನೋಡ್ಬೇಕು.”

ಅತ್ತೆ ಏನೋ ಹೇಳುವ ಮೊದಲೇ ಪಡಸಾಲೆಯಲ್ಲಿ ಮಂಚ ಕಿರುಗುಟ್ಟಿತು. ಮಾವ ಎದ್ದು ಕುಂತಿದ್ದ. “ಮನೆ ಎಂಥದಪ್ಪ, ತಗಡೋ ಹೆಂಚೋ?”

“ಹೆಂಚು.”

“ಕಿಟಕಿ ಯಾವ ಕಡೆ ಐತೆ?”

ಹೇಳಿದ. ಮಾವ ಟವಲು ಹೆಗಲಿಗೆ ಹಾಕಿಕೊಂಡು ಶೆಡ್ಡಿನ ಕಡೆ ನಡೆದ. ತೊಟ್ಟಿಯಲ್ಲಿದ್ದ ಗಡ್ಡೆಗಳನ್ನೆಲ್ಲ ಎತ್ತಿಸಿದ. ಮೀನಿನವರಿಗೆಂದು ಇಟ್ಟದ್ದನ್ನೂ ಬಿಡಲಿಲ್ಲ. ಅತ್ತೆ ನನ್ನ ಕಡೆ ನೋಡಿ, “ಜೊತೆಗೆ ಹೋಗವ್ವಾ,” ಎಂದಳು. ದಾರಿಯುದ್ದಕ್ಕೂ ಮಾವ ಆಟೋದ ಹಿಂದೆ ಗೋಣಿಯ ಮೇಲೆ ಕೈಯಿಟ್ಟುಕೊಂಡು ಕುಂತಿದ್ದ.

ಮನೆ ತುಂಬ ಜನ. ನಡುವೆ ಹಲಗೆಯ ಮೇಲೆ ಸಣ್ಣ ಜೀವದ ಮುದುಕಿ, ಹಣೆ ತುಂಬ ಕುಂಕುಮ. ನಾಲ್ಕು ಜನ ಗಂಡಸರು ಗಡ್ಡೆಗಳನ್ನು ತಂದು ಸಾಲಾಗಿ ಜೋಡಿಸಿ, ಮುದುಕಿಯನ್ನು ಅದರ ಮೇಲೆ ಮಲಗಿಸಲು ಎತ್ತಿದರು.

“ತಡೀರಿ,” ಎಂದ ಮಾವ. “ಬರೀ ಐಸ್ ಮೇಲೆ ಮಲಗಿಸ್ಬ್ಯಾಡ್ರಿ. ಒಂದು ಕಂಬಳಿ ಹಾಸ್ರಿ.”

“ಕಂಬಳಿ ಯಾಕಪ್ಪ?” ಎಂದು ಒಬ್ಬ ಹಿರಿಯ ಕೇಳಿದ.

“ಥಂಡಿ ಆಗ್ತೈತೆ ಆಯಮ್ಮಂಗೆ.”

ಇವನ ಹುಚ್ಚು ಇಲ್ಲೂ ಶುರುವಾಯಿತಲ್ಲ, ಯಾರಾದರೂ ನಕ್ಕರೆ ಏನು ಗತಿ ಎಂದುಕೊಂಡೆ. ಯಾರೂ ನಗಲಿಲ್ಲ. ಬೈಕಿನಲ್ಲಿ ಬಂದಿದ್ದ ಮಗ ಒಳಕೋಣೆಗೆ ಹೋಗಿ, ತಾಯಿಯೇ ಹೊದೆಯುತ್ತಿದ್ದ ಕರಿಕಂಬಳಿ ತಂದು, ಐಸಿನ ಮೇಲೆ ಹಾಸಿ, ಮೂಲೆಗಳನ್ನು ಕೈಯಿಂದ ಸರಿಮಾಡಿದ.

ಮಧ್ಯಾಹ್ನವೆಲ್ಲ ಮಾವ ಅಲ್ಲಿಂದ ಕದಲಲಿಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ. ಕರಗಿದ ನೀರನ್ನು ತಂಬಿಗೆಯಲ್ಲಿ ಮೊಗೆದು ಹೊರಗೆ ಚೆಲ್ಲಿದ. ಗಡ್ಡೆ ಸಣ್ಣದಾದ ಕಡೆ ಹೊಸದು ಒತ್ತಿ ಇಟ್ಟ. ಹೊಸದು ಮುಗಿದ ಮೇಲೆ ಇದ್ದ ಚೂರುಗಳನ್ನೇ ಮುದುಕಿಯ ಮುಖದ ಹತ್ತಿರಕ್ಕೆ ಸರಿಸುತ್ತಾ ಬಂದ. ಸೊರಗಿದ ಕೈಗಳು ಬೆಳ್ಳಗೆ ಮುದುಡಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ಮಗಳು ಬಂದಳು. ಬಾಗಿಲಿನಿಂದಲೇ ಕೂಗುತ್ತಾ ಬಂದವಳು ತಾಯಿಯ ಕೆನ್ನೆ ಮುಟ್ಟಿದ ಕೂಡಲೇ ಸುಮ್ಮನಾದಳು. “ನಮ್ಮವ್ವ ಹೆಂಗಿದ್ಲೋ ಹಂಗೇ ಅವ್ಳೆ,” ಎಂದಳು. ಮುಖಕ್ಕೆ ಮುಖ ಒತ್ತಿ ಬಹಳ ಹೊತ್ತು ಕುಂತಳು. ಆಮೇಲೆ ಅಣ್ಣ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ಎದ್ದು ಬಂದು ಮಾವನ ಕಾಲು ಮುಟ್ಟಲು ಬಗ್ಗಿದಳು.

ಮಾವ ಹಿಂದೆ ಸರಿದ. “ನಂದೇನಿಲ್ಲ ತಾಯಿ. ಕರಗೋ ಸಾಮಾನು ಅದು. ಆಗಲೇ ಕರಗಿಹೋತು.”

“ಕರಗ್ಲಿ ಬಿಡಣ್ಣ,” ಎಂದಳು ಅವಳು. “ನಾನು ಬರಗಂಟ ಇತ್ತಲ್ಲ.”

ಮಾವ ಅವಳನ್ನೇ ನೋಡಿದ. ಬೆಳಗಿನಿಂದ ಬಸ್ಸಿನ ಕಿಟಕಿಯ ಬಿಸಿಗಾಳಿಗೆ ಅವಳ ಮುಖ ಕೆಂಡವಾಗಿತ್ತು, ಅತ್ತು ಅತ್ತು ಕಣ್ಣು ಊದಿದ್ದವು, ತುಟಿ ಒಡೆದಿತ್ತು. ಅವನು ಬಗ್ಗಿ, ಕಂಬಳಿಯ ಪಕ್ಕ ಉಳಿದಿದ್ದ ನಿಂಬೆಹಣ್ಣಿನಷ್ಟು ಐಸನ್ನು ಎತ್ತಿಕೊಂಡು, ಹೆಗಲ ಟವಲಿನ ತುದಿಯಲ್ಲಿ ಸುತ್ತಿ, ಅವಳ ಹಣೆಗೆ ಮೆಲ್ಲಗೆ ಒತ್ತಿ ಹಿಡಿದ.

“ಕುಂತ್ಕೋ ತಾಯಿ. ಬಿಸಿಲಲ್ಲಿ ಬಂದೀಯ,” ಎಂದ.

ಅವಳು ಅಲ್ಲೇ ಕುಂತು, ಜ್ವರದ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡಳು. ನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಮಾವ ಟವಲನ್ನು ಹಿಡಿದುಕೊಂಡೇ ಇದ್ದ.